ನೀರಿನ ಲೆಕ್ಕ ಇಟ್ಟ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತಂದ್ರೆ ನಮ್ಮ ಸ್ಟೇಟಸ್‌ಗಳಲ್ಲೆಲ್ಲ ವಿಶ್ವೇಶ್ವರಯ್ಯನವರ ಪೇಟ ಮತ್ತು ಕೆ.ಆರ್.ಎಸ್. ಅಣೆಕಟ್ಟು. ಭದ್ರಾವತಿಯವರಾದ್ರೆ ಜೊತೆಗೆ ಕಬ್ಬಿಣದ ಕಾರ್ಖಾನೆ. ಬೋರ್‌ವೆಲ್ ನಂಬಿ ಬದುಕುವ ಈ ಕಾಲಕ್ಕೆ ಅವರ ಇನ್ನೆರಡು ಕೆಲಸಗಳೂ ನಮಗೆ ಬೇಕು.

ಹುಟ್ಟಿದ್ದು ಮುದ್ದೇನಹಳ್ಳಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ.

ಮೊದಲನೆಯ ಕೆಲಸ ಸಿಂಧ್‌ನ ಸಕ್ಕರ್ ಊರಿನದು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ಕೆಸರು. ಸೋಸುವ ತೊಟ್ಟಿ ಕಟ್ಟಿಸಲು ಪುರಸಭೆ ಹತ್ತಿರ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಡಿಯಿಂದ ಸುರಂಗದ ಮೂಲಕ ನೀರು ಬಸಿದು ಬರೋ ಹಾಗೆ ಮಾಡಿದರು. ಸೋಸುವ ಕೆಲಸ ಮರಳಿನದೇ ಆಯ್ತು! ನದಿಯ ನೀರು, ನೆಲದಡಿಯ ನೀರು ಬೇರೆ ಬೇರೆ ಅಲ್ಲ ಅನ್ನೋದು ಆ ಬಾವಿಯಲ್ಲೇ ಕಾಣುತ್ತೆ.

ಎರಡನೆಯದು ಪುಣೆ ಭಾಗದ ನೀರಾ ಕಾಲುವೆಯದು. ಅಲ್ಲಿ ಮೇಲ್ಭಾಗದವರು ಬೇಕಾಬಿಟ್ಟಿ ನೀರು ಹರಿಸಿಕೊಳ್ಳುತ್ತಿದ್ದರು. ನೀರು ಇಂಗಿ ಇಂಗಿ ಹೊಲ ಜವುಗಾಗುತ್ತಿತ್ತು. ಕೊನೆಯವರಿಗೆ ಹನಿಯೂ ಇಲ್ಲ. ವಿಶ್ವೇಶ್ವರಯ್ಯನವರು ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಸರದಿಯ ಮೇಲೆ ನೀರು ಕೊಟ್ಟು, ಕಬ್ಬಿನಂಥ ಬೆಳೆಗೆ ಒಂದು ಭಾಗ, ಕಡಿಮೆ ನೀರಿನ ಬೆಳೆಗಳಿಗೆ ಉಳಿದ ಭಾಗ ಎಂದು ಬದಲಾಯಿಸುತ್ತಾ ಹೋಗುವ ಪದ್ಧತಿ ತಂದರು. ಮೊದಲು ರೈತರು ವಿರೋಧಿಸಿದರು. ಹೆಚ್ಚು ಪಡೆಯುತ್ತಿದ್ದವರಿಗೆ ಲೆಕ್ಕ ಯಾವತ್ತೂ ಕಹಿನೇ ಅಲ್ವಾ?

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನ್. 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದದ್ದನ್ನು 1929ರವರೆಗೆ ನಿಂತು ಸರಿದಾರಿಗೆ ತಂದರು. 1955ರಲ್ಲಿ ಭಾರತ ರತ್ನ. 1962ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಇಲ್ಲಿ ಒಂದು ಮಾತು ಬಚ್ಚಿಡಬಾರದು. ಆ ಕಾರ್ಖಾನೆಯ ಊದು ಕುಲುಮೆ ಉರಿದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಮಲೆನಾಡಿನ ಮರಗಳಿಂದ. ಮಳೆನೀರನ್ನು ತಡೆದು ನೆಲಕ್ಕಿಳಿಸುವುದೂ ಅದೇ ಕಾಡು. ವಿದ್ಯುತ್ ಕುಲುಮೆಗಳು ಬಂದದ್ದು ಆಮೇಲೆ. ಕಾಲುವೆಯ ನೀರಿಗಿಟ್ಟ ಲೆಕ್ಕವನ್ನು ಆ ಕಾಲ ಕಾಡಿಗೆ ಇಡಲಿಲ್ಲ.

ಆ ಬಾಕಿ ಲೆಕ್ಕ ಈಗ ನಮ್ಮ ಪಾಲಿಗೆ ಬಂದಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ತುಂಗೆ ಶಿವಮೊಗ್ಗದಲ್ಲಿ, ಭದ್ರೆ ಭದ್ರಾವತಿಯಲ್ಲಿ ಹರಿಯುತ್ತೆ ಅಂತ ನಾವು ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ನಮ್ಮದು ಗಟ್ಟಿ ಬಂಡೆಯ ನೆಲ. ಬಂಡೆಯ ಬಿರುಕುಗಳಲ್ಲಿ ಇರುವಷ್ಟೇ ನೀರು. ಮಳೆ ಒಂದೇ ಸಲ ಸುರಿದು ಓಡಿಹೋದರೆ ಇಂಗುವುದು ಕಡಿಮೆ. ಬೋರ್‌ವೆಲ್ ಆಳ ಹೆಚ್ಚಿಸಿದರೆ ನೀರು ಹುಟ್ಟೋದಿಲ್ಲ.

ಈ ಸಲ ಇಂಜಿನಿಯರ್ಸ್ ಡೇಗೆ ಹಾರದ ಜೊತೆ ಒಂದು ಕೆಲಸ ಇಟ್ಕೊಳ್ಳೋಣ: ನಮ್ಮ ಹಾಸ್ಟೆಲ್ ಬೋರ್‌ವೆಲ್‌ನಿಂದ ದಿನಕ್ಕೆ ಎಷ್ಟು ನೀರು ಎತ್ತುತ್ತೇವೆ, ಚಾವಣಿಯ ಮಳೆನೀರಲ್ಲಿ ಎಷ್ಟನ್ನು ನೆಲಕ್ಕೆ ವಾಪಸ್ ಕೊಡ್ತೇವೆ, ಅಳೆದು ಬರೆದಿಡೋಣ.