ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್: ಬೆಳಗಾವಿ ಕೈಬಿಟ್ಟ ಕಿರ್ಲೋಸ್ಕರ್

ಬೆಳಗಾವಿ: ನಗರದ ಕಿರ್ಲೋಸ್ಕರ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆದರೆ ಆ ಹೆಸರಿನ ಉದ್ಯಮ ಹುಟ್ಟಿದ್ದು ಇದೇ ಊರಿನಲ್ಲಿ, ಜಾಗವಿಲ್ಲದೆ ಹೊರಟದ್ದೂ ಇದೇ ಊರಿನಿಂದ ಎಂಬ ಸಂಗತಿ ಅವರಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ!

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಓದಿನಲ್ಲಿ ಆಸಕ್ತಿ ಕಡಿಮೆ. ಚಿತ್ರಕಲೆ ಮತ್ತು ಯಂತ್ರಗಳೆಂದರೆ ಪ್ರಾಣ. ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರೂ ಕಣ್ಣಿಗೆ ಭಾಗಶಃ ವರ್ಣಾಂಧತೆ ಇರುವುದು ಪತ್ತೆಯಾಗಿ, ವರ್ಣಚಿತ್ರದ ಆಸೆಯನ್ನು ಬಿಡಬೇಕಾಯಿತು. ಬಣ್ಣ ಬೇಡದ ಯಂತ್ರನಕ್ಷೆಯನ್ನು ಅವರು ಕಲಿತರು. ಮುಂದೆ ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು.

1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ಆರಂಭವಾಯಿತು. ತಮ್ಮ ಮುಂಬೈಯಿಂದ ಸೈಕಲ್ ಕಳುಹಿಸುವುದು, ಅಣ್ಣ ರಾಮಚಂದ್ರರಾವ್ ಇಲ್ಲಿ ಮಾರುವುದು. ಸೈಕಲ್ ಶ್ರೀಮಂತರ ಸೊತ್ತಾಗಿದ್ದ ಕಾಲವದು. ಮುಂಬೈಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಮೇವು ಕತ್ತರಿಸುವ ಯಂತ್ರ ತಯಾರಿಸಿದರು. 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಸಿದ್ಧವಾಯಿತು.

ಎಳೆತದ ಲೆಕ್ಕ

ಮರದ ನೇಗಿಲು ಮಣ್ಣನ್ನು ಕೆದಕುತ್ತದೆ. ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ. ಆದ್ದರಿಂದ ಎತ್ತುಗಳ ಬಲ ಎಷ್ಟು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ, ಆ ಬಲ ನೇಗಿಲಿಗೆ ಎಲ್ಲಿ ತಗಲುತ್ತದೆ ಎಂಬುದೂ ಅಷ್ಟೇ ಮುಖ್ಯ. ನೊಗ ಮೇಲಿರುತ್ತದೆ, ಮಣ್ಣಿನ ತಡೆ ಕೆಳಗಿರುತ್ತದೆ. ಇವೆರಡರ ನಡುವಿನ ಗೆರೆಯಲ್ಲಿ ಸರಪಳಿಯ ಕೊಂಡಿ ಕೂಡಬೇಕು. ಇಂತಹ ನೇಗಿಲಿನ ಮೂತಿಯಲ್ಲಿ ಮೇಲೆ ಕೆಳಗೆ ಹಲವು ತೂತುಗಳಿರುವುದು ಇದಕ್ಕಾಗಿಯೇ. ಕೊಂಡಿಯನ್ನು ಒಂದು ತೂತು ಮೇಲಕ್ಕೆ ಸಿಕ್ಕಿಸಿದರೆ ಕುಳ ಆಳಕ್ಕಿಳಿಯುತ್ತದೆ. ಕೆಳಕ್ಕೆ ಸಿಕ್ಕಿಸಿದರೆ ಮೇಲೇಳುತ್ತದೆ. ಲೆಕ್ಕ ತಪ್ಪಿದರೆ ಎತ್ತು ದಣಿಯುತ್ತದೆ, ಹೊಲ ಹಾಗೆಯೇ ಉಳಿಯುತ್ತದೆ.

ಬೆಳಗಾವಿಯ ಪೂರ್ವಕ್ಕೆ ಎರೆಭೂಮಿ, ದಕ್ಷಿಣಕ್ಕೆ ಖಾನಾಪುರದ ಕಡೆ ಕೆಂಪು ಮಣ್ಣು, ಭತ್ತದ ಗದ್ದೆ. ಎರಡೂ ಕಡೆ ಒಂದೇ ತೂತಿನಲ್ಲಿ ಕೊಂಡಿ ಸಿಕ್ಕಿಸಿ ಉಳಲಾಗದು. ವಿಶೇಷವೆಂದರೆ, ಇಂದು ಡ್ರ್ಯಾಗ್ ರೇಸ್ ಕಾರುಗಳನ್ನು ಸಜ್ಜುಗೊಳಿಸುವ ಮೆಕ್ಯಾನಿಕ್‌ಗಳು ಎದುರಿಸುವುದೂ ಇದೇ ಪ್ರಶ್ನೆಯನ್ನು. ಸುಮಾರು 400 ಮೀಟರಿನ ಆ ಓಟದಲ್ಲಿ ಹೊರಡುವ ಕ್ಷಣವೇ ನಿರ್ಣಾಯಕ. ಎಂಜಿನ್ ಎಷ್ಟೇ ಬಲಿಷ್ಠವಾಗಿದ್ದರೂ ಹಿಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯದಿದ್ದರೆ ಅದು ನಿಂತಲ್ಲಿಯೇ ಗಿರಕಿ ಹೊಡೆಯುತ್ತದೆ. ಆದ್ದರಿಂದ ಹಿಂದಿನ ಆಕ್ಸಲ್ ಹಿಡಿದಿಡುವ ಸರಳುಗಳನ್ನು ಪಟ್ಟಿಯ ಯಾವ ತೂತಿಗೆ ಜೋಡಿಸಬೇಕೆಂದು ಅವರು ಲೆಕ್ಕ ಹಾಕುತ್ತಾರೆ. ಒಂದೆಡೆ ಕುಳ, ಇನ್ನೊಂದೆಡೆ ಟೈರು. ತತ್ತ್ವ ಮಾತ್ರ ಹತ್ತಿರದ ನೆಂಟು.

ರೈತರ ಶಂಕೆ, ಊರಿನ ಆದೇಶ

ತಯಾರಿಸುವುದಕ್ಕಿಂತ ಮಾರುವುದೇ ಕಷ್ಟವಾಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ಆಗ ರೈತರಲ್ಲಿ ಬಲವಾಗಿತ್ತು. ಮೊದಲ ಆರು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಕುಳದ ಮೊನೆ ಸಾಕಷ್ಟು ಗಟ್ಟಿಯಿಲ್ಲವೆಂಬ ದೂರೂ ಬಂದಿತು. ಲಕ್ಷ್ಮಣರಾಯರು ರೈತನನ್ನು ಹಳಿಯದೆ ಮೊನೆಯನ್ನು ಸುಧಾರಿಸಿದರು.

ಬೇಡಿಕೆ ಚಿಗುರುತ್ತಿದ್ದ ಹೊತ್ತಿನಲ್ಲಿಯೇ ಪೆಟ್ಟು ಬಿದ್ದಿತು. ನಗರ ವಿಸ್ತರಣೆಗಾಗಿ ಕಾರ್ಖಾನೆಯ ಜಾಗ ತೆರವುಗೊಳಿಸಲು ಬೆಳಗಾವಿ ಪುರಸಭೆ ಆದೇಶಿಸಿತು. ಬೇರೆ ಜಾಗ ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. 10,000 ರೂಪಾಯಿ ಸಾಲ ಮತ್ತು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿ ಅವರಿಂದ ದೊರೆಯಿತು. 1910ರಲ್ಲಿ ಪಾಪಾಸುಕಳ್ಳಿ ಬೆಳೆದಿದ್ದ, ಹಾವುಗಳಿಂದ ತುಂಬಿದ್ದ ಆ ನೆಲದಲ್ಲಿ ಕಾರ್ಮಿಕ ಕುಟುಂಬಗಳೊಂದಿಗೆ ಕಿರ್ಲೋಸ್ಕರ್‌ವಾಡಿ ತಲೆಯೆತ್ತಿತು. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಆ ಊರು ಪಂಪುಗಳ ತಯಾರಿಕೆಗೆ ಹೆಸರುವಾಸಿ.

ಕುಟುಂಬದ ಉದ್ಯಮ ಕನ್ನಡ ನಾಡಿಗೆ ಮರಳಿತು, ಆದರೆ ಬೆಳಗಾವಿಗಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಗೊಂಡವು. ಹರಿಹರದ ಲೇತ್ ಕಾರ್ಖಾನೆ ಈಗ ಮುಚ್ಚಿದೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಮಾನೋತ್ಸವದ ವರ್ಷ 1969ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಖಾನಾಪುರದ ಗದ್ದೆಗಳಿಗೆ ಇಂದು ಟ್ರ್ಯಾಕ್ಟರ್, ಪವರ್ ಟಿಲ್ಲರ್‌ಗಳು ಇಳಿದಿವೆ. ಕಬ್ಬಿಣವೆಂದರೆ ಯಾವ ರೈತನೂ ಅಂಜುವುದಿಲ್ಲ. ಉದ್ಯಮಗಳು ಬರಲಿ ಎಂದು ಊರೂರುಗಳು ಪೈಪೋಟಿ ನಡೆಸುವ ಕಾಲವಿದು. ನೇಗಿಲಿನ ಎಳೆತಕ್ಕೆ ಸರಿಯಾದ ತೂತು ಬೇಕಾದಂತೆ ದುಡಿಯುವ ಕೈಗೂ ಸರಿಯಾದ ನೆಲೆ ಬೇಕು. ಒಂದು ಶತಮಾನದ ಹಿಂದೆ ಆ ನೆಲೆಯನ್ನು ನೀಡಿದ್ದು ಬೆಳಗಾವಿಯಲ್ಲ, ಔಂಧ್. ಬೆಳಗಾವಿಗೆ ಉಳಿದದ್ದು ಒಂದು ರಸ್ತೆಯ ಹೆಸರು.