ಐವತ್ತೈದು ವರ್ಷ ಕಾದ ಸತ್ಯ: ಡಾ. ಪೇಟನ್ ರೌಸ್

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯವರಾದ ನಮಗೆ ಹೊಳೆಯ ಆಮೆ ಹೊಸದಲ್ಲ. ಕಡಲು ಮಾತ್ರ ದೂರ. ಆ ಕಡಲಿನ ಆಮೆಗಳಿಗೆ ಒಂದು ವಿಚಿತ್ರ ರೋಗ ಬರುತ್ತದೆ. ಕಣ್ಣು, ಕತ್ತು, ಈಜುಗಾಲುಗಳ ಮೇಲೆ ಹೂಕೋಸಿನಂತಹ ಗಡ್ಡೆಗಳು ಬೆಳೆಯುತ್ತವೆ. ಕಣ್ಣು ಮುಚ್ಚಿಹೋದ ಆಮೆ ಆಹಾರ ಕಾಣದೆ ಸೊರಗಿ ಸಾಯುತ್ತದೆ. ಇಂತಹ ರೋಗದ ಮೂಲವನ್ನು ಹುಡುಕುವ ದಾರಿ ತೋರಿಸಿದವರು ಒಂದು ಕೋಳಿಯನ್ನು ಪರೀಕ್ಷಿಸಿದ ವೈದ್ಯರು. ಅವರೇ ಡಾ. ಪೇಟನ್ ರೌಸ್.

ರೌಸ್ ಅವರು 1879ರ ಅಕ್ಟೋಬರ್ 5ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ತಾಯಿ ಮೂವರು ಮಕ್ಕಳನ್ನು ಕಷ್ಟಪಟ್ಟು ಓದಿಸಿದರು. ರೌಸ್ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಶವಪರೀಕ್ಷೆಯ ವೇಳೆ ಬೆರಳಿಗೆ ಗಾಯವಾಗಿ ಕ್ಷಯರೋಗ ತಗುಲಿತು. ಓದು ನಿಲ್ಲಿಸಿ, ಟೆಕ್ಸಾಸ್ ಪ್ರಾಂತದಲ್ಲಿ ದನಗಾಹಿಗಳೊಡನೆ ದುಡಿದು ಗುಣಮುಖರಾದರು. ಮರಳಿ ಬಂದು 1905ರಲ್ಲಿ ವೈದ್ಯ ಪದವಿ ಪಡೆದರು.

1909ರಲ್ಲಿ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಆಗ ಕೋಳಿ ಸಾಕುವವರೊಬ್ಬರು ಎದೆಯ ಮೇಲೆ ಗಡ್ಡೆ ಬೆಳೆದಿದ್ದ ಹೇಂಟೆಯೊಂದನ್ನು ಅವರಲ್ಲಿಗೆ ತಂದರು. ರೌಸ್ ಆ ಗಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ನುಸುಳಲಾರದ ಸೂಕ್ಷ್ಮ ಸೋಸುಕದಲ್ಲಿ ಸೋಸಿದರು. ಆ ತಿಳಿಯಾದ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದಾಗ ಅವುಗಳಿಗೂ ಗಡ್ಡೆ ಬಂದಿತು. ಬರಿಗಣ್ಣಿಗಿರಲಿ, ಅಂದಿನ ಸೂಕ್ಷ್ಮದರ್ಶಕಕ್ಕೂ ಕಾಣದ ವೈರಸ್ ಕ್ಯಾನ್ಸರನ್ನು ಉಂಟುಮಾಡಬಲ್ಲದೆಂದು 1911ರಲ್ಲಿ ತಿಳಿದದ್ದು ಹೀಗೆ.

ಆದರೆ ಪಂಡಿತರು ನಂಬಲಿಲ್ಲ. ಕೋಳಿಗೆ ಬಂದದ್ದು ನಿಜವಾದ ಕ್ಯಾನ್ಸರೇ ಅಲ್ಲವೆಂದು ಕೆಲವರು ತಳ್ಳಿಹಾಕಿದರು. ಇಲಿಗಳ ಗಡ್ಡೆಯಲ್ಲಿ ಇದೇ ಫಲ ಸಿಗದೆ ರೌಸ್ ಅವರೂ 1915ರ ಹೊತ್ತಿಗೆ ಆ ಕೆಲಸವನ್ನು ಬದಿಗಿಟ್ಟರು. ಸುಮ್ಮನೆ ಕೂಡಲಿಲ್ಲ, ರಕ್ತವನ್ನು ಕೆಲವು ವಾರ ಕೆಡದಂತೆ ಕಾಯ್ದಿಡುವ ದ್ರಾವಣವನ್ನು ಸಹೋದ್ಯೋಗಿಯೊಡನೆ ಸಿದ್ಧಪಡಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ಅದು ನೆರವಾಯಿತು.

1933ರಲ್ಲಿ ರಿಚರ್ಡ್ ಶೋಪ್ ಎಂಬ ವಿಜ್ಞಾನಿ, ಕಾಡುಮೊಲಗಳ ನರಹುಲಿಗೂ ವೈರಸ್ಸೇ ಕಾರಣವೆಂದು ಕಂಡು, ಮುಂದಿನ ಸಂಶೋಧನೆಯನ್ನು ರೌಸ್ ಅವರಿಗೆ ಒಪ್ಪಿಸಿದರು. ಆ ನರಹುಲಿ ಕ್ಯಾನ್ಸರಾಗಿ ಮಾರ್ಪಡುವುದನ್ನು ರೌಸ್ ತೋರಿಸಿಕೊಟ್ಟರು. ಕೊನೆಗೆ 1966ರಲ್ಲಿ, 87ನೆಯ ವಯಸ್ಸಿನಲ್ಲಿ, ಚಾರ್ಲ್ಸ್ ಹಗಿನ್ಸ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಕೋಳಿಯ ಸಂಶೋಧನೆ ಪ್ರಕಟವಾಗಿ ಆಗ 55 ವರ್ಷ! 1970ರ ಫೆಬ್ರವರಿ 16ರಂದು ಅವರು ನಿಧನರಾದರು.

ಇನ್ನು ಕಡಲಾಮೆಯ ಮಾತು. ಅದರ ಗಡ್ಡೆರೋಗವನ್ನು 1938ರಲ್ಲಿ ಮೊದಲು ವರ್ಣಿಸಲಾಗಿತ್ತು, ಕಾರಣ ತಿಳಿದಿರಲಿಲ್ಲ. ವಿಜ್ಞಾನಿಗಳು ರೌಸ್ ಅವರ ವಿಧಾನದಲ್ಲಿಯೇ ಗಡ್ಡೆಯ ರಸವನ್ನು ಸೋಸಿ, ಆರೋಗ್ಯವಂತ ಎಳೆಯ ಹಸಿರಾಮೆಗಳಿಗೆ ಕೊಟ್ಟಾಗ ಗಡ್ಡೆಗಳು ಮೂಡಿದವು. ಈ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಹರ್ಪಿಸ್ ಗುಂಪಿನ ಒಂದು ವೈರಸ್ ಈ ರೋಗದೊಡನೆ ಇರುವುದೂ ತಿಳಿದುಬಂದಿತು. ಕೊಳೆಯಾದ ಕರಾವಳಿ ನೀರಿನಲ್ಲಿ ಈ ರೋಗ ಹೆಚ್ಚೆಂಬುದು ಹಲವೆಡೆ ಕಂಡುಬಂದಿದೆ.

ಮಕ್ಕಳೇ, ನಮ್ಮ ಊರುಗಳ ಪಕ್ಕದಲ್ಲಿ ಹರಿಯುವ ಕೃಷ್ಣೆಯೂ ಹಂಸಲದೀವಿಯ ಬಳಿ ಕಡಲನ್ನು ಸೇರುತ್ತಾಳೆ. ಅಲ್ಲಿನ ಮರಳಿನಲ್ಲಿ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನಾವು ಹೊಳೆಗೆ ಎಸೆದದ್ದು ಅವುಗಳ ಮನೆಯನ್ನು ತಲುಪುತ್ತದೆ. ಹೊಳೆಯನ್ನು ಶುಚಿಯಾಗಿಡುವುದು ನಮ್ಮ ಕೈಯಲ್ಲಿದೆ. ರೋಗ ಬಂದ ಕೋಳಿಯನ್ನು ಯಾರೂ ಲಕ್ಷ್ಯವಿಟ್ಟು ನೋಡುವುದಿಲ್ಲ. ರೌಸ್ ನೋಡಿದರು, ಲೋಕ ನಂಬದಿದ್ದಾಗಲೂ ಕಂಡದ್ದನ್ನು ಅಲ್ಲಗಳೆಯಲಿಲ್ಲ. ಈ ಎರಡು ಗುಣಗಳನ್ನು ನಾವೂ ಕಲಿಯೋಣ.