ಹಕ್ಕಿಯ ಕಾಲಿನ ಉಂಗುರ ಮತ್ತು ಸಲೀಂ ಅಲಿ

ಎಂಬತ್ತರ ದಶಕದಲ್ಲಿ ಕಿರಿಯ ಅಧಿಕಾರಿಯಾಗಿ ವಿಜಾಪುರ ಜಿಲ್ಲೆಯಲ್ಲಿದ್ದಾಗ, ಹಿಂಗಾರಿ ಜೋಳ ಕಾಳುಗಟ್ಟುವ ದಿನಗಳಲ್ಲಿ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಹುಡುಗರು ಕವಣೆ ಬೀಸುವುದನ್ನು ನೋಡುತ್ತಿದ್ದೆ. ಅವರು ಓಡಿಸುತ್ತಿದ್ದುದು ಗುಲಾಬಿ ಕಬ್ಬಕ್ಕಿಗಳ ಹಿಂಡುಗಳನ್ನು. ರೈತನ ಲೆಕ್ಕದಲ್ಲಿ ಅವು ಕಳ್ಳರು. ಅದೇ ಹಕ್ಕಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವಾಗ ಮಿಡತೆಗಳನ್ನು ತಿಂದು ಅಲ್ಲಿಯ ಬೆಳೆ ಕಾಯುತ್ತದೆ. ನಮ್ಮಲ್ಲಿಯೂ ಬೂರುಗ, ಮುತ್ತುಗದ ಹೂಗಳಿಗೆ ಮುತ್ತಿ ಪರಾಗ ಸಾಗಿಸುತ್ತದೆ. ಈ ಜಮಾಖರ್ಚನ್ನು ಕ್ರಮಬದ್ಧವಾಗಿ ಬರೆದಿಡಬೇಕೆಂದು ಒತ್ತಾಯಿಸಿದವರು ಸಲೀಂ ಅಲಿ. ಕೃಷಿಗೂ ಹಕ್ಕಿಗಳಿಗೂ ಇರುವ ಆರ್ಥಿಕ ಸಂಬಂಧದ ಬಗೆಗೆ ಅವರು 1936ರಲ್ಲಿ ಬರೆದ ಲೇಖನ ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಅವರತ್ತ ತಿರುಗಿದ್ದು ಈ ದಾರಿಯಿಂದ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದ ಸಲೀಂ ಅಲಿ ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಆಟದ ಬಂದೂಕಿನಿಂದ ಹೊಡೆದ, ಕುತ್ತಿಗೆಯಲ್ಲಿ ಹಳದಿ ಗುರುತಿದ್ದ ಗುಬ್ಬಿಯೊಂದರ ಹೆಸರು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ ಹುಡುಗನಿಗೆ, ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಅಲ್ಲಿಯ ಸಂಗ್ರಹವನ್ನೆಲ್ಲ ತೆರೆದು ತೋರಿಸಿದ ಕಥೆ ಓದುಗರಿಗೆ ತಿಳಿದದ್ದೇ. ನನಗೆ ಹೆಚ್ಚು ಮುಖ್ಯವೆನಿಸುವುದು ಮುಂದಿನ ಅಧ್ಯಾಯ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಹುದ್ದೆ ಅವರ ಕೈತಪ್ಪಿತು. (ನೇಮಕಾತಿ ನಿಯಮಗಳೊಡನೆ ಒಂದು ಆಯುಷ್ಯ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.) ಬರ್ಲಿನ್ನಿನಲ್ಲಿ ಸ್ಟ್ರೆಸೆಮಾನ್ ಅವರ ಬಳಿ ಕಲಿತು, ಹೆಲಿಗೊಲೆಂಡ್ ದ್ವೀಪದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕ್ರಮವನ್ನು ನೋಡಿಕೊಂಡು 1930ರಲ್ಲಿ ಮರಳಿದಾಗ, ಮುಂಬಯಿ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಕೆಲಸವೂ ಹಣದ ಅಭಾವದಿಂದ ರದ್ದಾಗಿತ್ತು.

ಆಗ ಅವರು ಹೂಡಿದ ಉಪಾಯ ಸರಳವಾದದ್ದು. ಸಂಬಳ ಬೇಡ, ಪ್ರವಾಸದ ವೆಚ್ಚ ಕೊಟ್ಟರೆ ಸಾಕು, ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು ದೇಶೀಯ ಸಂಸ್ಥಾನಗಳ ಮುಂದೆ ಪ್ರಸ್ತಾವವಿಟ್ಟರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮೊದಲಾದವು ಒಪ್ಪಿದವು. ಈ ಅಲೆದಾಟದಲ್ಲೆಲ್ಲ ಜೊತೆಗಿದ್ದ ಪತ್ನಿ ತೆಹ್ಮಿನಾ 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅದೇ ವರ್ಷ ಆರಂಭವಾದ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಅವರು ಹೊರಟದ್ದು ಆ ದುಃಖವನ್ನು ಹೊತ್ತುಕೊಂಡೇ.

ಕನ್ನಡ ನಾಡಿನೊಂದಿಗೆ ಅವರ ಕೆಲಸದ ಎರಡನೆಯ ನಂಟು ಒದಗಿದ್ದು ಸಾವಿನ ಮೂಲಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಕಾಡಂಚಿನ ಜನರೂ ಜ್ವರದಿಂದ ಸಾಯತೊಡಗಿದರು. ಮಂಗನ ಕಾಯಿಲೆಯ ವೈರಾಣು ರಷ್ಯಾದಲ್ಲಿ ಕಂಡುಬರುವ ಮಿದುಳು ಜ್ವರದ ವೈರಾಣುವಿನ ಬಂಧುವೆಂದು ತಿಳಿದಾಗ, ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ಇಲ್ಲಿಗೆ ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಡಲು ಮುಂದಾಯಿತು. ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸಬೇಕೆಂಬ ಸಲೀಂ ಅಲಿಯವರ ಬಯಕೆ ಈಡೇರಿದ್ದು ಹೀಗೆ, ಅರವತ್ತು ದಾಟಿದ ವಯಸ್ಸಿನಲ್ಲಿ.

ಕೆಲಸದ ವಿಧಾನ ಇಷ್ಟು. ಹೊಲದ ಬದು, ಕೆರೆಯಂಗಳ, ಜೌಗಿನ ಅಂಚುಗಳಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಕಟ್ಟಬೇಕು. ಬಿಹಾರದಿಂದ ಕರೆತಂದ ಮೀರ್‌ಶಿಕಾರಿಗಳು, ಅಂದರೆ ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದವರು, ಇದರಲ್ಲಿ ನಿಸ್ಸೀಮರು. ನೆಲದ ಮೇಲೆ ಮೇಯುವ ಸಿಪಿಲೆಯಂಥ ಹಕ್ಕಿಗಳಿಗೆ ಉಣ್ಣೆ ಸುಲಭವಾಗಿ ಹತ್ತುತ್ತದೆ. ಸಿಕ್ಕ ಹಕ್ಕಿಯನ್ನು ತೂಗಿ, ರೆಕ್ಕೆ ಅಳೆದು, ಉಣ್ಣೆ ಹೆಕ್ಕಿ, ಕಾಲಿಗೆ ಅಲ್ಯುಮಿನಿಯಂ ಉಂಗುರ ತೊಡಿಸಿ ಹಾರಿಬಿಡಬೇಕು. ಉಂಗುರದ ಮೇಲೆ ಒಂದು ಸಂಖ್ಯೆ, ಮುಂಬಯಿಯ ಸೊಸೈಟಿಗೆ ತಿಳಿಸಿರೆಂಬ ಒಕ್ಕಣೆ. ಆಮೇಲೆ ಎಲ್ಲವೂ ಅಪರಿಚಿತನ ಸೌಜನ್ಯವನ್ನು ಅವಲಂಬಿಸಿದ್ದು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ನಾಡಿನಲ್ಲಿ ಸಿಕ್ಕವು. ಶೀತಲ ಸಮರದ ಆ ದಿನಗಳಲ್ಲಿಯೂ ಅಲ್ಲಿಂದ ಸುದ್ದಿ ಮುಂಬಯಿ ತಲುಪಿತು.

ಮಂಗನ ಕಾಯಿಲೆಯನ್ನು ಸೈಬೀರಿಯಾದ ಹಕ್ಕಿಗಳು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ರೋಗಚಕ್ರವೆಲ್ಲ ಇಲ್ಲಿಯದೇ ಕಾಡಿನ ಉಣ್ಣೆ, ಸಣ್ಣ ಪ್ರಾಣಿ, ಮಂಗಗಳ ನಡುವೆ ಸುತ್ತುತ್ತಿತ್ತು. ಕಾಡು ಕಡಿದ ಅಂಚಿನಲ್ಲಿ ಮೇಯುವ ದನಗಳಿಂದ ಉಣ್ಣೆ ಹೆಚ್ಚುತ್ತಿತ್ತು. ಮಲೆನಾಡಿನವರು ಇಂದಿಗೂ ಆ ಜ್ವರಕ್ಕೆ ಬಲಿಯಾಗುತ್ತಿದ್ದಾರೆ. ಹಣ ಕೊಟ್ಟವರ ದೃಷ್ಟಿಯಲ್ಲಿ ಯೋಜನೆ ವಿಫಲವೆನ್ನಬಹುದು. ಆದರೆ ಆ ದಾಖಲೆಗಳಿಲ್ಲದೆ ಯಾವ ಹಕ್ಕಿ ಎಲ್ಲಿಂದ ಬಂದು ನಮ್ಮಲ್ಲಿ ಚಳಿಗಾಲ ಕಳೆಯುತ್ತದೆಂಬುದು ಬಹುಮಟ್ಟಿಗೆ ಊಹೆಯಾಗಿಯೇ ಉಳಿಯುತ್ತಿತ್ತು.

ಹಣದ ಮೂಲವೇ ಅವರಿಗೆ ಕಂಟಕವಾಯಿತು. ಅರವತ್ತರ ದಶಕದಲ್ಲಿ ಅಮೆರಿಕದ ಸೇನೆಗೆ ಸೇರಿದ ಸಂಶೋಧನಾ ಕಾರ್ಯಕ್ರಮವೊಂದರ ನೆರವು ಸೇರಿದ ಮೇಲೆ, ಹಕ್ಕಿಗಳ ಹೆಸರಿನಲ್ಲಿ ಜೈವಿಕ ಯುದ್ಧದ ಸಿದ್ಧತೆ ನಡೆದಿದೆಯೆಂಬ ಆರೋಪ ಪತ್ರಿಕೆಗಳಲ್ಲಿ ಬಂತು. 1975ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯ ವರದಿಯಲ್ಲಿ ಈ ಯೋಜನೆಯೂ ಚರ್ಚೆಗೆ ಒಳಗಾಯಿತು. ಸಮಿತಿ ಪ್ರಶ್ನಿಸಿದ್ದು ತಪ್ಪೆಂದು ನಾನು ಹೇಳಲಾರೆ. ವಿದೇಶಿ ಸೇನೆಯ ಹಣವೆಂದ ಮೇಲೆ ಕಡತ ಕೇಳುವುದು ಸಂಸತ್ತಿನ ಕರ್ತವ್ಯ. ಆದರೆ ಹೊಲಗದ್ದೆಯ ಹಕ್ಕಿಗಳನ್ನು ಎಣಿಸಲು ನಮ್ಮದೇ ಖಜಾನೆ ಏಕೆ ತೆರೆಯಲಿಲ್ಲ ಎಂಬ ಪ್ರಶ್ನೆ ಉಳಿದೇ ಇತ್ತು. ಎಂಬತ್ತರ ದಶಕದಲ್ಲಿ ಉಂಗುರದ ಕೆಲಸ ಮತ್ತೆ ಚಿಗುರಿದಾಗಲೂ ಬಳಕೆಯಾದದ್ದು ಅಮೆರಿಕದ ಗೋಧಿಗೆಂದು ನಾವು ತೆತ್ತ ಪಿ.ಎಲ್. 480ರ ರೂಪಾಯಿಗಳೇ.

ತಮಗೆ ಬಂದ ಗೆಟ್ಟಿ ಪ್ರಶಸ್ತಿಯ ಹಣವನ್ನು ಸಲೀಂ ಅಲಿ ಸೊಸೈಟಿಗೇ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ತಮ್ಮ ಯೋಜನೆಯನ್ನು ಶಂಕಿಸಿದ್ದ ಸಂಸತ್ತನ್ನೇ ಸದಸ್ಯರಾಗಿ ಪ್ರವೇಶಿಸಿದರು. 1987ರ ಜೂನ್ 20ರಂದು ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.